ಹಿಸ್ಟೋನ್ ಗುರುತುಗಳು: ಜೀನ್ ತೆರೆಯುವುದೂ ಮುಚ್ಚುವುದೂ ಹೇಗೆ?

ಮನುಷ್ಯನ ಒಂದು ಜೀವಕೋಶದ ಡಿಎನ್‌ಎಯನ್ನು ನೇರವಾಗಿ ಚಾಚಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದು ಮೀಟರಿನ ಲಕ್ಷದಲ್ಲೊಂದು ಭಾಗದಷ್ಟು ಅಗಲದ ಕೋಶಕೇಂದ್ರದಲ್ಲಿ ಹಿಡಿಸುವುದು ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡಿರುವುದರಿಂದ. ಎಚ್2ಎ, ಎಚ್2ಬಿ, ಎಚ್3, ಎಚ್4 ತಲಾ ಎರಡು ಸೇರಿದ ಉಂಡೆಗೆ 147 ಬೇಸ್ ಜೋಡಿಗಳಷ್ಟು (ಬೇಸ್ ಜೋಡಿ ಎಂದರೆ ಡಿಎನ್‌ಎ ಏಣಿಯ ಒಂದು ಮೆಟ್ಟಿಲು) ಡಿಎನ್‌ಎ ಸುತ್ತಿದರೆ ಒಂದು ನ್ಯೂಕ್ಲಿಯೋಸೋಮ್. ಇವುಗಳ ಸಾಲೇ ಕ್ರೋಮ್ಯಾಟಿನ್.

ಜೀನಿನ ಆರಂಭತಾಣ ಈ ಸುತ್ತಿನೊಳಗೆ ಸಿಕ್ಕಿಕೊಂಡಿದ್ದರೆ ಅದನ್ನು ಓದಬೇಕಾದ ಕಿಣ್ವಗಳಿಗೆ ಅಲ್ಲಿ ಜಾಗವಿರುವುದಿಲ್ಲ. ಬಿಡಿಸುವ ಕೆಲಸ ಶುರುವಾಗುವುದು ಉಂಡೆಯಿಂದ ಹೊರಚಾಚಿದ ಹಿಸ್ಟೋನ್ ಬಾಲಗಳಲ್ಲಿ. ಅವಕ್ಕೆ ಅಂಟುವ ಸಣ್ಣ ರಾಸಾಯನಿಕ ಗುಂಪುಗಳೇ ಹಿಸ್ಟೋನ್ ಗುರುತುಗಳು. ಬಾಲದಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲಗಳಿಗೆ ಧನ ಆವೇಶ, ಡಿಎನ್‌ಎಗೆ ಋಣ ಆವೇಶ. ಹಾಗಾಗಿ ಎರಡೂ ಅಂಟಿಕೊಂಡಿರುತ್ತವೆ. ಲೈಸೀನ್‌ಗೆ ಅಸಿಟೈಲ್ ಗುಂಪು ಸೇರಿದರೆ ಆ ಆವೇಶ ಇಲ್ಲವಾಗಿ ಹಿಡಿತ ಸಡಿಲುತ್ತದೆ. ಅಸಿಟೈಲ್‌ಗೂ ಜೀನ್ ಚಟುವಟಿಕೆಗೂ ನಂಟಿದೆ ಎಂದು ವಿಜ್ಞಾನಿ ವಿನ್ಸೆಂಟ್ ಆಲ್‌ಫ್ರೀ 1964ರಲ್ಲೇ ಸೂಚಿಸಿದ್ದರು. ಅದನ್ನು ಅಂಟಿಸುವ ಕಿಣ್ವ ಜಿಸಿಎನ್5, ಜೀನನ್ನು ಚುರುಕುಗೊಳಿಸುವ ಪ್ರೋಟೀನೆಂದು ಮೊದಲೇ ಗೊತ್ತಿದ್ದದ್ದೇ ಎಂದು ಡೇವಿಡ್ ಆಲಿಸ್ ತಂಡ 1996ರಲ್ಲಿ ತೋರಿಸಿದಾಗ ಆ ಸೂಚನೆಗೆ ಗಟ್ಟಿ ಬುನಾದಿ ಸಿಕ್ಕಿತು.

ಇನ್ನೊಂದು ಗುರುತಾದ ಮೀಥೈಲ್ ಗುಂಪಿನ ನಡೆ ಬೇರೆ. ಅದು ಆವೇಶವನ್ನು ಮುಟ್ಟುವುದಿಲ್ಲ. ಅದನ್ನು ಗುರುತಿಸಿ ಬಂದು ಕೂರುವ ಪ್ರೋಟೀನುಗಳೇ ಫಲವನ್ನು ನಿರ್ಧರಿಸುತ್ತವೆ. "ಮೀಥೈಲ್ ಎಂದರೆ ಜೀನ್ ಬಂದ್" ಎಂಬ ಮಾತು ಎಡವುವುದು ಇಲ್ಲೇ. ಎಚ್3ರ 4ನೇ ಸ್ಥಾನದ ಲೈಸೀನ್ ಮೇಲಿನ ಮೂರು ಮೀಥೈಲ್‌ಗಳು ಚುರುಕಾದ ಜೀನುಗಳ ಆರಂಭತಾಣದಲ್ಲಿ ಕಾಣುತ್ತವೆ. 9ನೆಯದರ ಮೇಲಿದ್ದರೆ ಎಚ್‌ಪಿ1 ಎಂಬ ಪ್ರೋಟೀನು ಬಂದು ಕ್ರೋಮ್ಯಾಟಿನನ್ನು ಒತ್ತಾಗಿಸುತ್ತದೆ. 27ನೆಯದರ ಮೇಲೆ ಇಝಡ್‌ಎಚ್2 ಎಂಬ ಕಿಣ್ವ ಮೀಥೈಲ್ ಅಂಟಿಸಿದರೆ ಜೀನ್ ಮೌನ. ಅದೇ 27ರ ಮೇಲೆ ಅಸಿಟೈಲ್ ಇದ್ದರೆ ಜೀನಿಗೆ ಚುರುಕು. ಒಂದೇ ಲೈಸೀನ್ ಮೇಲೆ ಎರಡೂ ಒಟ್ಟಿಗೆ ಇರಲಾರವು.

ಪ್ರಯೋಗಶಾಲೆಯಲ್ಲಿ ಈ ಗುರುತುಗಳನ್ನು ಪತ್ತೆಹಚ್ಚಲು ಸಾಮಾನ್ಯವಾಗಿ 1% ಫಾರ್ಮಾಲ್ಡಿಹೈಡ್‌ನಿಂದ ಸುಮಾರು 10 ನಿಮಿಷ ಪ್ರೋಟೀನು-ಡಿಎನ್‌ಎಗಳನ್ನು ಬೆಸೆದು, ಗ್ಲೈಸೀನ್ ಹಾಕಿ ನಿಲ್ಲಿಸಿ, ಶಬ್ದತರಂಗದಿಂದ 200–500 ಬೇಸ್ ಜೋಡಿಗಳ ತುಂಡು ಮಾಡಿ, ಬೇಕಾದ ಗುರುತಿಗಷ್ಟೇ ಅಂಟಬೇಕಾದ ಪ್ರತಿಕಾಯವೆಂಬ ಪ್ರೋಟೀನಿನಿಂದ ಹಿಡಿದೆತ್ತುತ್ತಾರೆ. ಬೆಸುಗೆ ಅತಿಯಾದರೆ ಕ್ರೋಮ್ಯಾಟಿನ್ ತುಂಡಾಗದು. ಇನ್ನೂ ದೊಡ್ಡ ಅಪಾಯ ಪ್ರತಿಕಾಯದ್ದು. 9 ಮತ್ತು 27ನೇ ಸ್ಥಾನದ ಲೈಸೀನ್‌ಗಳೆರಡೂ ಅಲನೀನ್-ಆರ್ಜಿನೀನ್-ಲೈಸೀನ್-ಸೀರೀನ್ ಎಂಬ ಒಂದೇ ಅಮೈನೋ ಆಮ್ಲ ಅನುಕ್ರಮದಲ್ಲಿ ಕೂತಿವೆ. ಕಳಪೆ ಪ್ರತಿಕಾಯ ಒಂದನ್ನು ಇನ್ನೊಂದೆಂದು ಹಿಡಿಯುತ್ತದೆ. ಹೊಸ ಬ್ಯಾಚ್ ಬಂದಾಗಲೆಲ್ಲ ಯಾವ ಗುರುತಿದೆಯೆಂದು ಗೊತ್ತಿರುವ ಪೆಪ್ಟೈಡ್‌ಗಳ (ಸಣ್ಣ ಪ್ರೋಟೀನು ತುಣುಕುಗಳ) ಮೇಲೆ ಪರೀಕ್ಷಿಸಿಯೇ ಬಳಸಬೇಕು.

ಗುರುತು ಕಂಡಿತೆಂದ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಜೀನ್ ಓದಿಸಿಕೊಂಡದ್ದರ ಫಲವಾಗಿಯೂ ಕೆಲವು ಗುರುತುಗಳು ಬೀಳುತ್ತವೆ. ಕಾರಣವನ್ನು ತಿಳಿಯಬೇಕಾದರೆ, ಡಿಎನ್‌ಎ ಕತ್ತರಿಸುವ ಶಕ್ತಿ ಕಳೆದ ಕ್ಯಾಸ್9 ಎಂಬ ಕಿಣ್ವಕ್ಕೆ ಅಸಿಟೈಲ್ ಅಂಟಿಸುವ ಪಿ300 ಕಿಣ್ವದ ಭಾಗವನ್ನು ಜೋಡಿಸಿ, ಬೇಕಾದ ಒಂದೇ ತಾಣಕ್ಕೆ ಕಳಿಸಿ, ಜೀನ್ ಚುರುಕಾಗುತ್ತದೆಯೇ ಎಂದು, ಜೀನ್ ಓದಿದಾಗ ತಯಾರಾಗುವ ಆರ್‌ಎನ್‌ಎ ಅಳೆದು ನೋಡಬೇಕು.