ಇತರರಿಂದ ಬರುವ ಬಹುಮಾನ ಮತ್ತು ಶಿಕ್ಷೆಯ ನಿರೀಕ್ಷೆ: ಕರನಿರಾಕರಣೆಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಇತರರಿಂದ ಬರುವ ಬಹುಮಾನ, ಶಿಕ್ಷೆಗಳು ನಮ್ಮ ನಡೆಯನ್ನು ಹೇಗೆ ರೂಪಿಸುತ್ತವೆ ಎಂಬ ಪ್ರಶ್ನೆಗೆ, ಬಹುಮಾನ ಪಡೆದ ವರ್ತನೆ ಮರುಕಳಿಸುತ್ತದೆ, ಶಿಕ್ಷೆಗೊಳಗಾದದ್ದು ಕುಗ್ಗುತ್ತದೆ ಎಂದಷ್ಟೇ ಉತ್ತರ ಬರೆದರೆ ವಿಷಯದ ತಿರುಳು ಕೈತಪ್ಪುತ್ತದೆ. ಮನುಷ್ಯನ ನಡೆಯನ್ನು ನಿರ್ಧರಿಸುವುದು ಆಗಿಹೋದ ಫಲಕ್ಕಿಂತ ಹೆಚ್ಚಾಗಿ, ಮುಂದೆ ಯಾರಿಂದ ಏನು ಒದಗೀತು ಎಂಬ ಎಣಿಕೆ. ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1954ರಲ್ಲಿ ಮಂಡಿಸಿದ ಸಾಮಾಜಿಕ ಕಲಿಕೆಯ ಸಿದ್ಧಾಂತವು ಈ ಎಣಿಕೆಯಲ್ಲಿ ಎರಡು ಅಂಶಗಳನ್ನು ಗುರುತಿಸುತ್ತದೆ: ಫಲ ಒದಗುವುದು ಎಷ್ಟು ಖಚಿತವೆಂದು ವ್ಯಕ್ತಿ ನಂಬುತ್ತಾನೆ, ಆ ಫಲಕ್ಕೆ ಆತ ಎಷ್ಟು ಬೆಲೆ ಕೊಡುತ್ತಾನೆ.

ಇಂಥ ನಿರೀಕ್ಷೆ ಸ್ವಂತ ಅನುಭವದಿಂದಲೇ ಮೂಡಬೇಕೆಂದಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೊಂಬೆಯನ್ನು ಹೊಡೆದವನಿಗೆ ಶಿಕ್ಷೆಯಾದುದನ್ನು ಚಿತ್ರದಲ್ಲಿ ಕಂಡ ಮಕ್ಕಳು ಅವನನ್ನು ಕಡಿಮೆ ಅನುಕರಿಸಿದರು. ಆದರೆ ಕಂಡದ್ದನ್ನು ಮಾಡಿ ತೋರಿಸಿದರೆ ಬಹುಮಾನವಿದೆ ಎಂದಾಗ ಆ ಶಿಕ್ಷೆಯನ್ನು ಕಂಡವರೂ ಕಾಣದವರೂ ಸೇರಿ ಎಲ್ಲ ಗುಂಪಿನ ಮಕ್ಕಳೂ ಸರಿಸುಮಾರು ಸಮಾನವಾಗಿ ಮಾಡಿ ತೋರಿಸಿದರು. ಶಿಕ್ಷೆಯ ನಿರೀಕ್ಷೆ ಕಲಿಕೆಯನ್ನು ತಡೆದಿರಲಿಲ್ಲ, ಕಲಿತದ್ದು ಹೊರಬರುವುದನ್ನು ಮಾತ್ರ ತಡೆದಿತ್ತು. ಪರೀಕ್ಷೆಯಲ್ಲಿ ಬಹುತೇಕರು ಬಿಟ್ಟುಬಿಡುವ ಈ ಭೇದವೇ ಆ ಪ್ರಯೋಗದ ಮುಖ್ಯ ಫಲಿತಾಂಶವೆಂಬುದು ನನ್ನ ಅಭಿಪ್ರಾಯ.

ಪ್ರಯೋಗಾಲಯದಲ್ಲಿ ಫಲ ಕೊಡುವವನು ಒಬ್ಬನೇ, ಊರಿನಲ್ಲಿ ಹಾಗಲ್ಲ. 1930ರ ದಶಕದ ಆರಂಭದಲ್ಲಿ ನಮ್ಮ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರ ತಾಲ್ಲೂಕುಗಳ ರೈತರು ಸ್ವಾತಂತ್ರ್ಯ ಚಳವಳಿಯ ಭಾಗವಾಗಿ ಬ್ರಿಟಿಷ್ ಸರಕಾರಕ್ಕೆ ಕಂದಾಯ ಕಟ್ಟಲು ನಿರಾಕರಿಸಿದಾಗ, ಜಮೀನು ಜಪ್ತಿಯಾಗಿ ಹರಾಜಿಗೆ ಹೋಗುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವಾಗಿರಲಿಲ್ಲ. ಶಿಕ್ಷೆ ಹೆಚ್ಚುಕಡಿಮೆ ಖಚಿತವಾಗಿತ್ತು, ಕಳೆದುಕೊಳ್ಳುವುದೂ ಸಣ್ಣದಾಗಿರಲಿಲ್ಲ. ಸರಕಾರದ ಶಿಕ್ಷೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಅವರ ನಿರ್ಧಾರ ಅರ್ಥವಾಗುವುದಿಲ್ಲ. ಸ್ವಾತಂತ್ರ್ಯದ ಮೇಲಿನ ನಿಷ್ಠೆಯ ಜೊತೆಗೆ, ನೆರೆಹೊರೆಯವರು ಹಾಗೂ ಜೊತೆಗೆ ಚಳವಳಿಗಿಳಿದವರು ತಮ್ಮನ್ನು ಹೇಗೆ ಕಂಡಾರು ಎಂಬ ನಿರೀಕ್ಷೆಯೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿತ್ತು ಎಂದು ನಾನು ಓದುತ್ತೇನೆ.

ಹರಾಜಿನಲ್ಲಿ ಕೊಳ್ಳುವವನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವನಿಗೆ ಸರಕಾರದ ಭಯವಿಲ್ಲ, ಲಾಭ ಕಣ್ಣೆದುರಿಗೇ ಇದೆ. ಆದರೂ ಸಿದ್ದಾಪುರ ತಾಲ್ಲೂಕಿನಲ್ಲಿ ಮಹಿಳೆಯರು ಜಪ್ತಿಯ ಆಸ್ತಿ ಕೊಂಡವರ ಮನೆಯೆದುರು ಉಪವಾಸ ಕುಳಿತರು. ಊರಿನ ಗೌರವ ಕಳೆದುಕೊಳ್ಳುವ ಅಂಜಿಕೆ ಅಗ್ಗಕ್ಕೆ ಸಿಕ್ಕ ಜಮೀನಿಗಿಂತ ಭಾರವಾಗುವಂತೆ, ಅವರು ಕೊಂಡವನ ನಿರೀಕ್ಷೆಯನ್ನೇ ಬದಲಿಸಲು ಹೊರಟಿದ್ದರು.