ಪದ ಪರಿಚಯ: ಆವರ್ತ ಬಿಂದು

ಮೈಸೂರಿನ ದಸರಾ ದೀಪಾಲಂಕಾರ ನೋಡಿದವರಿಗೆ ಇದು ಸುಲಭ. ಸಯ್ಯಾಜಿರಾವ್ ರಸ್ತೆಯ ಸೀರಿಯಲ್ ಸೆಟ್ ಎರಡೂ ಕಡೆ ಮುಗಿಯುವುದೇ ಇಲ್ಲ ಅಂದುಕೊಳ್ಳಿ. ಹೊತ್ತಿದ ಬಲ್ಬು 1, ಆರಿದ್ದು 0. ಪ್ರತಿ ಹೆಜ್ಜೆಗೂ ಒಂದೊಂದು ಬಲ್ಬು ತನ್ನನ್ನೂ ಬಲಗಡೆಯ ಬಲ್ಬನ್ನೂ ನೋಡುತ್ತದೆ. ಎರಡೂ ಬೇರೆ ಇದ್ದರೆ ಹೊತ್ತುತ್ತದೆ, ಒಂದೇ ಥರ ಇದ್ದರೆ ಆರುತ್ತದೆ. ಎಲ್ಲವೂ ಒಟ್ಟಿಗೇ ಬದಲಾಗುತ್ತವೆ. ಇದೊಂದು ಸೆಲ್ಯುಲಾರ್ ಆಟೊಮೇಟನ್.

ಈ ನಿಯಮ 'ಆನ್‌ಟು'. ಪಿಯುಸಿ ಗಣಿತದಲ್ಲಿ ಬರುವ ಅದೇ ಆನ್‌ಟು. ಅಂದರೆ ಯಾವ ಸಾಲು ಕೊಟ್ಟರೂ ಅದಕ್ಕೊಂದು ಹಿಂದಿನ ಸಾಲು ಇದ್ದೇ ಇರುತ್ತದೆ.

ಕೆಲವು ಹೆಜ್ಜೆ ಆದಮೇಲೆ ಸಾಲು ತಾನು ಮೊದಲಿದ್ದ ರೂಪಕ್ಕೇ ಮರಳಿದರೆ ಅದು ಆವರ್ತ ಬಿಂದು. 011 ಅನ್ನೇ ಮತ್ತೆ ಮತ್ತೆ ಬರೆದ ಸಾಲು ನೋಡಿ: 101, 110, ಮತ್ತೆ 011. ಮೂರೇ ಹೆಜ್ಜೆ. ಆದರೆ 0001ರ ಸಾಲು 0011, 0101, 1111 ಆಗಿ ಕೊನೆಗೆ 0000 ಆಗುತ್ತದೆ, ಅಲ್ಲೇ ನಿಲ್ಲುತ್ತದೆ. ಅದು ಎಂದೂ ವಾಪಸ್ ಬರುವುದಿಲ್ಲ, ಹಾಗಾಗಿ ಆವರ್ತ ಬಿಂದು ಅಲ್ಲ. ಕೊನೆಗೆ ಎಲ್ಲೋ ಸುತ್ತಿಗೆ ಬೀಳುವುದೇ ಬೇರೆ, ತಾನೇ ಸುತ್ತಿನಲ್ಲಿ ಇರುವುದೇ ಬೇರೆ, ಅಲ್ವಾ?

ಹಾಗಾದರೆ ಇಂಥ ಬಿಂದುಗಳು ಎಷ್ಟು ಸಿಗುತ್ತವೆ? ನೀವು ಸುಮ್ನೆ ಯಾವುದೋ ತುಣುಕು ಬರೆಯಿರಿ, 1101 ಅನ್ನಿ. ಅದಕ್ಕೆ ಒಂದೆರಡು ಅಂಕೆ ಸೇರಿಸಿ ಒಟ್ಟು ಉದ್ದ ಬೆಸ ಆಗುವಂತೆ, 1ಗಳ ಎಣಿಕೆ ಸಮ ಆಗುವಂತೆ ಮಾಡಬಹುದು. ಇಲ್ಲಿ 11011. ಇಂಥ ತುಣುಕಿನ ಸಾಲುಗಳ ಮೇಲೆ ನಮ್ಮ ನಿಯಮವನ್ನು ಹಿಂದಕ್ಕೂ ಓಡಿಸಬಹುದು, ದಾರಿ ಒಂದೇ. ಒಂದೇ ಉದ್ದದ ಇಂಥ ತುಣುಕುಗಳು ಲೆಕ್ಕಕ್ಕೆ ಸಿಗುವಷ್ಟೇ ಇವೆ, ಹಾಗಾಗಿ ಅವು ಮೊದಲಿನ ರೂಪಕ್ಕೆ ಬಂದೇ ಬರುತ್ತವೆ. ಯಾವ ತುಣುಕು ಕೇಳಿದರೂ ಅದನ್ನು ಹೊತ್ತ ಆವರ್ತ ಬಿಂದು ಸಿಗುತ್ತದೆ. ಗಣಿತದವರು ಇದಕ್ಕೆ 'ಆವರ್ತ ಬಿಂದುಗಳು ದಟ್ಟವಾಗಿವೆ' ಅನ್ನುತ್ತಾರೆ. ಈ ಬೆಸ-ಸಮ ಉಪಾಯ ನನಗೆ ತುಂಬಾ ಇಷ್ಟ, ಪೆನ್ನು ಕಾಗದದಲ್ಲೇ ಮುಗಿಯುತ್ತದೆ.

ಬೇರೆ ನಿಯಮಗಳು ಇಷ್ಟು ಸಾಧು ಅಲ್ಲ. ಒಂದು ಕಡೆ ಕೊನೆವರೆಗೂ ಒಂದೇ ಥರ ಇರುವ ಎರಡು ಬೇರೆ ಬೇರೆ ಸಾಲುಗಳು ಎಂದೂ ಒಂದೇ ಸಾಲಾಗಿ ಬದಲಾಗದ ನಿಯಮಗಳಲ್ಲೂ ಆವರ್ತ ಬಿಂದುಗಳು ಹೀಗೇ ದಟ್ಟ ಎಂದು ಗಣಿತಜ್ಞರಾದ ಮೈಕ್ ಬಾಯ್ಲ್ ಮತ್ತು ಬ್ರೂಸ್ ಕಿಚನ್ಸ್ 1999ರಲ್ಲಿ ಸಾಧಿಸಿದರು. ಒಂದು ಆಯಾಮದ, ಅಂದರೆ ಹೀಗೆ ಒಂದೇ ಸಾಲಿನ ಮೇಲೆ ನಡೆಯುವ, ಎಲ್ಲಾ ಆನ್‌ಟು ನಿಯಮಗಳಿಗೂ ಇದು ನಿಜವೇ? ಸಾಧನೆಯೂ ಇಲ್ಲ, ಸುಳ್ಳೆಂದು ತೋರಿಸುವ ಒಂದು ಉದಾಹರಣೆಯೂ ಸಿಕ್ಕಿಲ್ಲ.