ನೆಗಡಿ ಮಾತ್ರೆ ನುಂಗಿದರೆ ಕಣ್ಣು ಎಳೆಯುವುದೇಕೆ?

ಫಾರ್ಮಕಾಲಜಿಯಲ್ಲಿ (ಔಷಧ ವಿಜ್ಞಾನ) ಆಂಟಿಹಿಸ್ಟಮಿನ್, ಅಂದರೆ ನೆಗಡಿ, ಅಲರ್ಜಿಗೆ ಕೊಡುವ, ಹಿಸ್ಟಮಿನ್ ತಡೆಯುವ ಔಷಧಗಳ ಪಾಠ ಬಂದಾಗ ನಾನು ಮೊದಲು ಹೆಸರುಗಳನ್ನೆಲ್ಲ ಉರು ಹೊಡೆದೆ. ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಆಮೇಲೆ ಒಂದೇ ಪ್ರಶ್ನೆ ಹಿಡಿದುಕೊಂಡು ಕೂತೆ: ಈ ಔಷಧ ಮಿದುಳಿನೊಳಗೆ ಹೋಗುತ್ತದೋ, ಇಲ್ಲವೋ? ಅಲ್ಲಿಂದ ಪಾಠ ಸಲೀಸಾಯಿತು.

ಹಿಸ್ಟಮಿನ್ ನಮ್ಮ ದೇಹದ್ದೇ ಒಂದು ರಾಸಾಯನಿಕ. ಅದು ಅಂದರೆ ಸೀನು, ತುರಿಕೆ, ಸೋರುವ ಮೂಗು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮಿದುಳಿನಲ್ಲಿ ಅದಕ್ಕೆ ಬೇರೆ ಕೆಲಸವಿದೆ. ಮಿದುಳಿನ ತಳದಲ್ಲಿರುವ ಹೈಪೊಥಲಮಸ್‌ನ ಹಿಂಭಾಗದ ಒಂದು ಪುಟ್ಟ ನರಕೋಶಗಳ ಗುಂಪು ನಾವು ಎಚ್ಚರವಿರುವಷ್ಟು ಹೊತ್ತೂ ಹಿಸ್ಟಮಿನ್ ಬಿಡುತ್ತಿರುತ್ತದೆ. ನಿದ್ದೆ ಹತ್ತಿದಾಗ ಸುಮ್ಮನಾಗುತ್ತದೆ. ಮೂಗಿನಲ್ಲಿರುವ ಎಚ್1 ರಿಸೆಪ್ಟರ್ (ಹಿಸ್ಟಮಿನ್ ಬಂದು ಕೂರುವ ಜಾಗ) ಮಿದುಳಿನಲ್ಲೂ ಇದೆ. ಹಳೆಯ ತಲೆಮಾರಿನ ಆಂಟಿಹಿಸ್ಟಮಿನ್‌ಗಳಾದ ಕ್ಲೋರ್‌ಫೆನಿರಮಿನ್, ಫೆನಿರಮಿನ್ (ನಮ್ಮ ಅವಿಲ್), ಡೈಫೆನ್‌ಹೈಡ್ರಮಿನ್ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಹಾಗಾಗಿ ಮಿದುಳಿನ ತಡೆಗೋಡೆ ದಾಟಿ ಆ ರಿಸೆಪ್ಟರನ್ನೂ ಮುಚ್ಚಿಬಿಡುತ್ತವೆ. ಜೊಂಪು ಹತ್ತುವುದು ಅದಕ್ಕೇ.

ಎರಡನೇ ತಲೆಮಾರಿನ ಫೆಕ್ಸೊಫೆನಡಿನ್, ಲೊರಾಟಡಿನ್ ಮಿದುಳಿನೊಳಗೆ ನುಸುಳುವುದು ಬಹಳ ಕಡಿಮೆ. ನುಸುಳಿದ್ದನ್ನೂ ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪ್ ಹೊರಗೆ ದಬ್ಬುತ್ತದೆ. ಸೆಟ್ರಿಜಿನ್ ಮಾತ್ರ ನಡುವಿನದು. ಎರಡನೇ ತಲೆಮಾರಿನದೇ, ಆದರೂ ಕೆಲವರಿಗೆ ತೂಕಡಿಕೆ ಬರುತ್ತದೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಕೇಳುವುದು ಇದನ್ನೇ, ನೆನಪಿರಲಿ.

ಈಗ ನನಗೆ ತುಂಬ ಇಷ್ಟವಾದ ಭಾಗ. ಕೆಲವು ನೆಗಡಿ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್ ಜೊತೆಗೆ ಕೆಫೀನ್ ಕೂಡ ಇರುತ್ತದೆ. ಒಂದು ಮಲಗಿಸುತ್ತದೆ, ಇನ್ನೊಂದು ಎಬ್ಬಿಸುತ್ತದೆ. ಲೆಕ್ಕ ಸರಿಹೋಯಿತು ಅಲ್ವಾ? ಇಲ್ಲ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ, ನಿದ್ದೆಯ ಒತ್ತಡ ಬರುವುದು ಅದರಿಂದ. ಕೆಫೀನ್ ಅದರ ರಿಸೆಪ್ಟರ್‌ಗೆ ಅಡ್ಡ ಕೂರುತ್ತದೆ, ಹಿಸ್ಟಮಿನ್ ರಿಸೆಪ್ಟರ್ ತಂಟೆಗೇ ಹೋಗುವುದಿಲ್ಲ. ಅವಧಿಯೂ ಹೊಂದುವುದಿಲ್ಲ. ದೊಡ್ಡವರಲ್ಲಿ ಕೆಫೀನ್‌ನ ಅರ್ಧಾಯು (ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು) ಸುಮಾರು 5 ಗಂಟೆ, ಕ್ಲೋರ್‌ಫೆನಿರಮಿನ್‌ನದು ಸುಮಾರು 20. ಎಬ್ಬಿಸುವವನು ಮನೆಗೆ ಹೋದ ಮೇಲೂ ಮಲಗಿಸುವವನು ಕೂತೇ ಇರುತ್ತಾನೆ. ಇಂಟರ್ನಲ್ಸ್ ಪರೀಕ್ಷೆಯ ಹಿಂದಿನ ರಾತ್ರಿ ಇಂಥದೊಂದು ಮಾತ್ರೆ ನುಂಗಿ ನಾನೇ ಇದನ್ನು ಕಲಿತೆ. ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದರೂ ತಲೆ ಭಾರ ಇಳಿಯಲಿಲ್ಲ.

ತಲೆನೋವಿನ ಮಾತ್ರೆಯಲ್ಲೂ ಕೆಫೀನ್ ಅಡಗಿರಬಹುದು. ಸಾರಿಡಾನ್‌ನಲ್ಲಿ 50 ಮಿಲಿಗ್ರಾಂ ಇದೆ. ರಾತ್ರಿ ಹತ್ತಕ್ಕೆ ನುಂಗಿ ನಿದ್ದೆ ಬರಲಿಲ್ಲ ಎಂದರೆ ಸ್ಟ್ರಿಪ್ ತಿರುಗಿಸಿ ನೋಡಿ. ಬರೀ ಪ್ಯಾರಸಿಟಮಾಲ್ ನಿದ್ದೆ ತರಿಸುವುದಿಲ್ಲ. ಜ್ವರ, ನೋವು ಇಳಿದಾಗ ನಿದ್ದೆ ತಾನಾಗಿ ಬರುತ್ತದೆ, ಅಷ್ಟೆ. ಮೂಗು ಕಟ್ಟಿದ್ದಕ್ಕೆ ಕೊಡುವ ಸ್ಯೂಡೊಎಫೆಡ್ರಿನ್ ನಿದ್ದೆ ಕೆಡಿಸುತ್ತದೆ.

ಅಂಗಡಿಯವರು ಚೀಟಿ ಕೇಳದೆ ಕೊಟ್ಟರೂ ಆಂಟಿಹಿಸ್ಟಮಿನ್‌ಗಳು ನಮ್ಮಲ್ಲಿ ಔಷಧ ನಿಯಮಗಳ ಶೆಡ್ಯೂಲ್ ಜಿ ಪಟ್ಟಿಯಲ್ಲಿವೆ. ವೈದ್ಯರ ನಿಗಾ ಇಲ್ಲದೆ ತೆಗೆದುಕೊಳ್ಳಬೇಡಿ ಎಂಬ ಎಚ್ಚರಿಕೆ ಲೇಬಲ್ ಮೇಲೆ ಇರಬೇಕು. ನುಂಗಿ ಬೈಕ್ ಹತ್ತುವುದು, ಮೇಲೊಂದು ಪೆಗ್ ಹಾಕುವುದು ಎರಡೂ ಅಪಾಯ. ಮದ್ಯ ಸೇರಿದರೆ ಮಂಪರು ಇನ್ನೂ ಜಾಸ್ತಿ.

ನಿದ್ದೆಗೆಂದೇ ಇವನ್ನು ನುಂಗುವವರೂ ಇದ್ದಾರೆ. ಕೆಲವೇ ದಿನಗಳಲ್ಲಿ ದೇಹ ಒಗ್ಗಿಹೋಗುತ್ತದೆ, ಜೊಂಪು ಕಡಿಮೆಯಾಗುತ್ತದೆ. ಹಳೆಯ ತಲೆಮಾರಿನವು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ನರ ರಾಸಾಯನಿಕಕ್ಕೂ ಅಡ್ಡ ಬರುತ್ತವೆ ಎಂಬುದು ಬೇರೆ ತೊಂದರೆ. ಬಾಯಿ ಒಣಗುತ್ತದೆ, ಮೂತ್ರ ಕಟ್ಟಬಹುದು. ವಯಸ್ಸಾದವರಿಗೆ ಗೊಂದಲವೂ ಆಗಬಹುದು. ಅಜ್ಜಿ ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಿದ್ದರೆ, ನಿನ್ನೆ ಯಾವ ಮಾತ್ರೆ ಕೊಟ್ಟಿರಿ ಎಂಬುದನ್ನೂ ಡಾಕ್ಟರಿಗೆ ಹೇಳಿ.